ಕಿಟಕಿ ಪಕ್ಕದ ಟೇಬಲ್‌ಗೆ ಅಷ್ಟು ದುಡ್ಡು ಕೊಡಬಹುದಾ?

ಪ್ರಶ್ನೆ: ನಮ್ಮ ಮದುವೆಯಾಗಿ ಈ ವರ್ಷಕ್ಕೆ 25 ವರ್ಷ. ಇಬ್ಬರೇ ಪ್ರವಾಸಕ್ಕೆ ಹೊರಟಿದ್ದೇವೆ. ಹೋಗುವ ಊರಿನಲ್ಲಿ ಗೋಪುರವೊಂದರ ಮೇಲೆ ದೊಡ್ಡ ರೆಸ್ಟೋರೆಂಟ್ ಇದೆಯಂತೆ. ಇಡೀ ಊರು ಕಾಣುತ್ತದಂತೆ. ಅಲ್ಲಿ ರಾತ್ರಿ ಊಟಕ್ಕೆ ಟೇಬಲ್ ಬುಕ್ ಮಾಡುತ್ತೇವೆ ಅಂತ ಮಕ್ಕಳು ಹೇಳುತ್ತಿದ್ದಾರೆ. ಬೆಲೆ ನೋಡಿ ನಮ್ಮನೆಯವರು ಹೌಹಾರಿದರು. "ಟಿಕೆಟ್ ತಗೊಂಡು ಮೇಲೆ ಹೋಗಿ ನೋಡೋಣ, ಕೆಳಗಿಳಿದು ಬಂದು ಒಳ್ಳೇ ಕಡೆ ಊಟ ಮಾಡೋಣ" ಅನ್ನುತ್ತಾರೆ. ರಿವ್ಯೂ ಓದಿದರೆ ಕೆಲವರು ಸ್ವರ್ಗ ಅನ್ನುತ್ತಾರೆ, ಕೆಲವರು ಮೋಸ ಅನ್ನುತ್ತಾರೆ. ನಾನು ಸಸ್ಯಾಹಾರಿ ಬೇರೆ. ಹೋಗಬಹುದಾ? ಹೋದರೆ ಏನೇನು ನೋಡಿಕೊಳ್ಳಬೇಕು? ಆನಿವರ್ಸರಿ ಅಂತ ಮೊದಲೇ ಹೇಳಬೇಕಾ?

ಉತ್ತರ: ನಿಮ್ಮನೆಯವರ ಲೆಕ್ಕದಲ್ಲಿ ತಪ್ಪಿಲ್ಲ. ಊಟಕ್ಕೆ ಊಟ ಅಂತ ತೂಗಿ ನೋಡಿದರೆ ಕೆಳಗಿನ ಹೋಟೆಲ್ಲೇ ಗೆಲ್ಲುತ್ತದೆ. ಆದರೆ ಗೋಪುರದ ಮೇಲಿನ ಬಿಲ್ಲಿನಲ್ಲಿ ಊಟದ ಹೆಸರು ಬರೆದಿದ್ದರೂ ನೀವು ದುಡ್ಡು ಕೊಡುವುದು ಕುರ್ಚಿಗೆ. ಎರಡು ಗಂಟೆಯ ಕುರ್ಚಿ ಬಾಡಿಗೆ ಅಂದುಕೊಳ್ಳಿ. ಹಾಗಾಗಿ ಮೊದಲು ಕೇಳಬೇಕಾದ್ದು ಊಟ ಹೇಗಿದೆ ಅಂತಲ್ಲ. ಕುರ್ಚಿ ಎಲ್ಲಿ ಹಾಕುತ್ತಾರೆ, ಎಷ್ಟು ಗಂಟೆಗೆ ಕೊಡುತ್ತಾರೆ ಅಂತ ಕೇಳಿ. ಈ ಎರಡಕ್ಕೂ ಖಚಿತ ಉತ್ತರ ಸಿಕ್ಕರೆ ಧೈರ್ಯವಾಗಿ ಹೋಗಿ. ಸಿಗದಿದ್ದರೆ ನಿಮ್ಮನೆಯವರು ಹೇಳಿದ ಹಾಗೇ ಮಾಡಿ, ಏನೂ ಕಳೆದುಕೊಳ್ಳುವುದಿಲ್ಲ.

ರಿವ್ಯೂಗಳು ಹೀಗೆ ಎರಡು ತುದಿಯಲ್ಲಿ ನಿಲ್ಲುವುದಕ್ಕೂ ಅದೇ ಕಾರಣ. ಒಂದೇ ರಾತ್ರಿ, ಒಂದೇ ಅಡುಗೆ. ಕಿಟಕಿ ಪಕ್ಕ ಕೂತವರು ಐದು ಸ್ಟಾರ್ ಕೊಟ್ಟಿರುತ್ತಾರೆ. ಕಂಬದ ಹಿಂದೆ ಕೂತವರು ಒಂದು ಸ್ಟಾರ್ ಕೊಟ್ಟಿರುತ್ತಾರೆ.

ಬೆಲೆ ಯಾಕೆ ಅಷ್ಟು ಅಂತ ಸ್ವಲ್ಪ ಹೇಳುತ್ತೇನೆ, ಕೋಪ ಕಡಿಮೆಯಾಗಬಹುದು. ಹೋಟೆಲ್ ಕಸುಬಿನಲ್ಲಿ ಒಂದು ತಟ್ಟೆಯ ಬೆಲೆಯಲ್ಲಿ ಸಾಮಾನಿನ ಖರ್ಚು ಸಾಮಾನ್ಯವಾಗಿ ಮೂರನೇ ಒಂದು ಭಾಗದ ಆಸುಪಾಸು ಇರುತ್ತದೆ. ಮಿಕ್ಕಿದ್ದು ಬಾಡಿಗೆ, ಸಂಬಳ, ಕರೆಂಟು, ಲಾಭ. ಗೋಪುರದ ಮೇಲೆ ಈ 'ಮಿಕ್ಕಿದ್ದು' ಉಬ್ಬುತ್ತದೆ. ಎಷ್ಟೋ ಕಡೆ ಬಾಡಿಗೆಯ ಜೊತೆಗೆ ವ್ಯಾಪಾರದಲ್ಲೂ ಕಟ್ಟಡದವರಿಗೆ ಪಾಲು ಕೊಡಬೇಕು. ಪ್ರತಿ ಮೂಟೆ ತರಕಾರಿ ಸರ್ವಿಸ್ ಲಿಫ್ಟಿನಲ್ಲಿ ಹತ್ತಬೇಕು, ಪ್ರತಿ ಚೀಲ ಕಸ ಅದೇ ಲಿಫ್ಟಿನಲ್ಲಿ ಇಳಿಯಬೇಕು. ಗಾಜಿನ ಪಕ್ಕದ ಒಂದೊಂದು ಅಡಿಯೂ ದುಡ್ಡು ತರುವ ಜಾಗ. ಹಾಗಾಗಿ ಅಡುಗೆಮನೆಗೆ ಸಿಗುವುದು ಮೂಲೆಯ ಇಕ್ಕಟ್ಟು. ಎತ್ತರದ ಕಟ್ಟಡಗಳಲ್ಲಿ ಬೆಂಕಿಯ ಭಯಕ್ಕೆ ಗ್ಯಾಸ್ ಒಲೆ ಬೇಡ ಅನ್ನುವ ಕಡೆಗಳೂ ಇವೆ, ಅಲ್ಲಿ ಎಲ್ಲವೂ ಕರೆಂಟ್ ಒಲೆಯ ಮೇಲೆ. ಬೆಟ್ಟದ ತುದಿಯಾದರೆ ಇನ್ನೊಂದು ತರಲೆ. ಸ್ವಿಟ್ಜರ್ಲೆಂಡಿನ ಶಿಲ್ಟ್‌ಹಾರ್ನ್ ಶಿಖರದ ಪಿಟ್ಸ್ ಗ್ಲೋರಿಯಾ ರೆಸ್ಟೋರೆಂಟ್ 2,970 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಬೇಯಿಸುವುದಕ್ಕೆ ಹೆಚ್ಚು ಹೊತ್ತು ಬೇಕು.

ಇದೆಲ್ಲಕ್ಕಿಂತ ದೊಡ್ಡ ಕಾರಣ ಗಿರಾಕಿಯದು. ಬೀದಿಯ ಹೋಟೆಲಿನಲ್ಲಿ ಇವತ್ತು ರುಚಿ ಕೆಟ್ಟರೆ ನಾಳೆ ಗಿರಾಕಿ ಬರುವುದಿಲ್ಲ. ಗೋಪುರದ ಮೇಲೆ ರುಚಿ ಚೆನ್ನಾಗಿದ್ದರೂ ನಾಳೆ ಆ ಗಿರಾಕಿ ಬರುವುದಿಲ್ಲ, ಅವನು ವಿಮಾನ ಹತ್ತಿ ಊರಿಗೆ ಹೋಗಿರುತ್ತಾನೆ. ಮತ್ತೆ ಬಾರದವರಿಗಾಗಿ ಅಡುಗೆ ಮಾಡುವಾಗ ಕೈ ಸಡಿಲಾಗುವುದು ಸಹಜ.

ಹಾಗಂತ ನೋಟ ಚೆನ್ನಾಗಿದ್ದರೆ ಊಟ ಕೆಟ್ಟದ್ದೇ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪ್ಯಾರಿಸ್ಸಿನ ಐಫೆಲ್ ಗೋಪುರದ ಎರಡನೇ ಹಂತದಲ್ಲಿ, ನೆಲದಿಂದ ಸುಮಾರು 125 ಮೀಟರ್ ಮೇಲೆ, ಲೆ ಜೂಲ್ ವರ್ನ್ ಅಂತ ರೆಸ್ಟೋರೆಂಟ್ ಇದೆ. 1983ರಲ್ಲಿ ಶುರುವಾದದ್ದು. ಪ್ರವಾಸಿಗರ ಜಾಗ ಅಂದರೆ ಅದಕ್ಕಿಂತ ದೊಡ್ಡದು ಬೇಕಾ? ಆದರೂ ಅದಕ್ಕೆ 2024ರಲ್ಲಿ ಎರಡನೇ ಮಿಶೆಲಿನ್ ಸ್ಟಾರ್ ಬಂತು. ಅಡುಗೆಯ ಗುಣ ನೋಡಿ ಮಿಶೆಲಿನ್ ಗೈಡ್‌ನವರು ಕೊಡುವ ಸ್ಟಾರ್ ಅದು, ಮೂರೇ ಗರಿಷ್ಠ. ಫ್ರಾನ್ಸಿನ ಮಾಂತೋನಿನಲ್ಲಿ ಮೆಡಿಟರೇನಿಯನ್ ಸಮುದ್ರ ಕಾಣುವ ಮಿರಾಜುರ್ ರೆಸ್ಟೋರೆಂಟಿಗೆ 2019ರಲ್ಲಿ ಮೂರನೇ ಸ್ಟಾರ್ ಬಂತು, ಅದೇ ವರ್ಷ ಜಗತ್ತಿನ ಒಳ್ಳೇ ರೆಸ್ಟೋರೆಂಟುಗಳ 'ವರ್ಲ್ಡ್ಸ್ 50 ಬೆಸ್ಟ್' ಪಟ್ಟಿಯಲ್ಲಿ ಮೊದಲ ಸ್ಥಾನವೂ ಸಿಕ್ಕಿತು. ಅಡುಗೆಯವನ ಹೆಸರು ಪಣಕ್ಕಿರುವ ಕಡೆ ಊಟ ಚೆನ್ನಾಗಿಯೇ ಇರುತ್ತದೆ. ಕಟ್ಟಡದ ಹೆಸರೊಂದೇ ಬೋರ್ಡಿನಲ್ಲಿದ್ದು, ಅಡುಗೆಯವರು ಯಾರು ಅನ್ನುವುದು ಎಲ್ಲೂ ಇಲ್ಲದಿದ್ದರೆ ಸ್ವಲ್ಪ ಹುಷಾರು.

ಬುಕ್ ಮಾಡುವ ಮುಂಚೆ ಇನ್ನೊಂದು ಸಣ್ಣ ಪರೀಕ್ಷೆ ಮಾಡಿ. ಜನ ಹಾಕಿರುವ ಫೋಟೋಗಳನ್ನು ತೆಗೆದು ನೋಡಿ. ನೂರಕ್ಕೆ ತೊಂಬತ್ತು ಕಿಟಕಿಯದ್ದೇ ಆಗಿದ್ದು ತಟ್ಟೆಯ ಫೋಟೋ ಅಪರೂಪವಾಗಿದ್ದರೆ ಅರ್ಥ ಗೊತ್ತಾಯಿತಲ್ಲ. ರಿವ್ಯೂಗಳಲ್ಲಿ ಐದು ಸ್ಟಾರಿನದ್ದೂ ಬೇಡ, ಒಂದು ಸ್ಟಾರಿನದ್ದೂ ಬೇಡ. ಮೂರು ಸ್ಟಾರ್ ಕೊಟ್ಟವರನ್ನು ಓದಿ. ಯಾವ ಟೇಬಲ್ ಸಿಕ್ಕಿತು, ಎಷ್ಟು ಹೊತ್ತು ಕಾದೆವು, ಯಾವುದು ತಣ್ಣಗಿತ್ತು ಅಂತ ಬರೆಯುವ ತಾಳ್ಮೆ ಅವರಿಗೇ ಇರುವುದು.

ಎತ್ತರದ ಬಗ್ಗೆ ಒಂದು ಮಾತು. ಜಾಸ್ತಿ ಎತ್ತರ ಅಂದರೆ ಜಾಸ್ತಿ ಚೆಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಗಿಲ್ಲ. 100 ಮೀಟರ್ ಎತ್ತರದಿಂದ ದಿಗಂತ ಸುಮಾರು 36 ಕಿಲೋಮೀಟರ್ ದೂರ. 400 ಮೀಟರಿಗೆ ಹೋದರೆ ಸುಮಾರು 71. ನಾಲ್ಕು ಪಟ್ಟು ಮೇಲೇರಿದರೆ ಎರಡು ಪಟ್ಟು ಮಾತ್ರ ಕಾಣುತ್ತದೆ. ಆ ಹೆಚ್ಚಿನ ದೂರವೂ ಬಹುಪಾಲು ದಿನ ಧೂಳು, ಮಂಜಿನಲ್ಲಿ ಮುಚ್ಚಿರುತ್ತದೆ. ನೂರನೇ ಮಹಡಿಯಿಂದ ಊರು ನಕ್ಷೆಯ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ಮೋಡ ಕೆಳಗಿಳಿದರೆ ಅದೂ ಇಲ್ಲ. ಕೂತು ಊಟ ಮಾಡುತ್ತಾ ನೋಡುವುದಕ್ಕೆ ನನ್ನ ಪ್ರಕಾರ ಇಪ್ಪತ್ತರಿಂದ ಮೂವತ್ತನೇ ಮಹಡಿ ಒಳ್ಳೆಯದು. ಸೇತುವೆ ಮೇಲೆ ಬಸ್ಸು ಹೋಗುವುದು ಗೊತ್ತಾಗಬೇಕು, ಎದುರು ಕಟ್ಟಡದಲ್ಲಿ ಯಾರೋ ದೀಪ ಹಾಕಿದ್ದು ಕಾಣಬೇಕು. ಅದಿದ್ದರೆ ಎರಡು ಗಂಟೆ ಬೇಜಾರಾಗುವುದಿಲ್ಲ. ಎಲ್ಲಕ್ಕಿಂತ ಮೇಲಿನದೇ ಬೇಕು ಅಂತ ಮಕ್ಕಳು ಹಟ ಮಾಡಿದರೆ ಇದನ್ನು ಹೇಳಿ.

ಈಗ ಹೊತ್ತಿನ ವಿಷಯ. ಇಂಥ ಕಡೆ ಊಟ ಹದಗೆಡುವುದು ಸಾಮಾನ್ಯವಾಗಿ ಸೂರ್ಯ ಮುಳುಗುವ ಹೊತ್ತಿಗೆ. ನಾನು ಹೋಟೆಲ್ ಕಸುಬಿನವನು, ಆ ಹೊತ್ತನ್ನು ಒಳಗಿನಿಂದ ನೋಡಿದ್ದೇನೆ. ಎಲ್ಲರಿಗೂ ಒಂದೇ ಗಳಿಗೆ ಬೇಕು. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆ ಹಾಲ್ ತುಂಬುತ್ತದೆ. ಎಲ್ಲ ಟೇಬಲ್‌ಗಳ ಆರ್ಡರ್ ಚೀಟಿ ಹತ್ತು ನಿಮಿಷದೊಳಗೆ ಅಡುಗೆಮನೆಗೆ ಬಂದು ಬೀಳುತ್ತದೆ. ಒಲೆ ಮುಂದೆ ಇರುವವರು ಅದೇ ಮೂವರೋ ನಾಲ್ವರೋ. ಅಷ್ಟರಲ್ಲಿ ಹೊರಗೆ ಆಕಾಶ ಕೆಂಪಾಗುತ್ತದೆ. ಜನ ಕುರ್ಚಿ ಬಿಟ್ಟು ಗಾಜಿನ ಹತ್ತಿರ ಹೋಗುತ್ತಾರೆ. ವೇಟರ್ ಬಿಸಿ ತಟ್ಟೆಗಳನ್ನು ಮೊಣಕೈ ಮೇಲೆ ಇಟ್ಟುಕೊಂಡು ಖಾಲಿ ಟೇಬಲ್ ಪಕ್ಕ ನಿಂತಿರುತ್ತಾನೆ. ಕರೆಯುವುದಕ್ಕೆ ಸಂಕೋಚ, ವಾಪಸ್ ಒಯ್ಯುವುದಕ್ಕೆ ಆಗುವುದಿಲ್ಲ. ಕೊನೆಗೆ ಟೇಬಲ್ ಮೇಲಿಟ್ಟು ಹೋಗುತ್ತಾನೆ. ಫೋಟೋ ಮುಗಿಸಿ ಬಂದವರು ಒಂದು ತುತ್ತು ಬಾಯಿಗಿಟ್ಟು "ತಣ್ಣಗಿದೆ" ಅನ್ನುತ್ತಾರೆ. ಅವತ್ತು ರಾತ್ರಿ ರಿವ್ಯೂ ಬರುತ್ತದೆ.

ಇದರಿಂದ ತಪ್ಪಿಸಿಕೊಳ್ಳುವುದು ಸುಲಭ. ಆ ದಿನ ಆ ಊರಿನಲ್ಲಿ ಸೂರ್ಯಾಸ್ತ ಎಷ್ಟು ಗಂಟೆಗೆ ಅಂತ ನೋಡಿಕೊಳ್ಳಿ. ಅದಕ್ಕಿಂತ ಒಂದು ಗಂಟೆ ಮುಂಚೆ ಟೇಬಲ್ ತೆಗೆದುಕೊಳ್ಳಿ. ಕೂತ ಕೂಡಲೇ ಕುಡಿಯುವುದಕ್ಕೆ ಏನಾದರೂ ಮತ್ತು ಮೊದಲ ಸುತ್ತಿನ ತಿನಿಸು ಮಾತ್ರ ಹೇಳಿ. ಮುಖ್ಯ ಊಟವನ್ನು ಪೂರ್ತಿ ಕತ್ತಲಾದ ಮೇಲೆ ತನ್ನಿ ಅಂತ ವೇಟರ್‌ಗೆ ಸ್ಪಷ್ಟವಾಗಿ ಹೇಳಿ. ಆಗ ಅಡುಗೆಮನೆಗೂ ಉಸಿರು ಬಂದಿರುತ್ತದೆ. ಒಂದು ಷರತ್ತಿದೆ. ಟೇಬಲ್ ಎಷ್ಟು ಹೊತ್ತು ನಿಮ್ಮದು ಅಂತ ಬುಕ್ ಮಾಡುವಾಗಲೇ ಕೇಳಬೇಕು. ಕೆಲವು ಕಡೆ ಕೂತು ಒಂದೂವರೆ ಗಂಟೆಯಾದ ಕೂಡಲೇ ಎಬ್ಬಿಸುತ್ತಾರೆ. ಅಂಥ ಕಡೆ ಮೊದಲ ಸಿಟ್ಟಿಂಗ್, ಅಂದರೆ ಸಂಜೆಯ ಮೊದಲ ಪಾಳಿ ತೆಗೆದುಕೊಂಡರೆ ದೀಪ ಹತ್ತುವ ಹೊತ್ತಿಗೆ ಬಿಲ್ ಬಂದಿರುತ್ತದೆ.

ಸೂರ್ಯ ಮುಳುಗಿದ ಕೂಡಲೇ ಮುಗಿಯಿತು ಅಂತ ತಿಳಿಯಬೇಡಿ. ಆಮೇಲಿನ ನೀಲಿ ಬೆಳಕೇ ನಿಜವಾದ ಹಬ್ಬ. ಆಕಾಶದಲ್ಲಿ ಬಣ್ಣ ಉಳಿದಿರುತ್ತದೆ, ಕೆಳಗೆ ದೀಪಗಳು ಹತ್ತಿರುತ್ತವೆ. ಸಮಭಾಜಕದ ಹತ್ತಿರದ ಊರುಗಳಲ್ಲಿ ಇದು 20–25 ನಿಮಿಷ, ಧ್ರುವದ ಕಡೆಗೆ ಹೋದಷ್ಟೂ ಜಾಸ್ತಿ ಹೊತ್ತು. ದುಬೈನ ಬುರ್ಜ್ ಖಲೀಫಾದಂಥ ಕಟ್ಟಡದ ಮೇಲಂತಸ್ತುಗಳಲ್ಲಿ ಸೂರ್ಯ ನೆಲಕ್ಕಿಂತ ಒಂದೆರಡು ನಿಮಿಷ ತಡವಾಗಿ ಮುಳುಗುತ್ತಾನೆ, ಅದೂ ನಿಮ್ಮ ಖಾತೆಗೆ.

ಟೇಬಲ್ ವಿಷಯದಲ್ಲಿ ಒಂದೇ ಪ್ರಶ್ನೆಯನ್ನು ಸರಿಯಾಗಿ ಕೇಳಬೇಕು. "ಕಿಟಕಿ ಪಕ್ಕ ಕೊಡ್ತೀರಾ?" ಅಂದರೆ "ಖಂಡಿತ, ನೋಟ್ ಮಾಡಿಕೊಂಡಿದ್ದೇವೆ" ಅನ್ನುತ್ತಾರೆ. ಬರೆದುಕೊಂಡಿರುವುದು ನಿಜ, ಕೊಡುವುದು ಬೇರೆ ಮಾತು. "ಕಿಟಕಿ ಟೇಬಲ್ ಗ್ಯಾರಂಟಿಯಾ, ಬರೀ ರಿಕ್ವೆಸ್ಟಾ?" ಅಂತ ಕೇಳಿ. ಗ್ಯಾರಂಟಿ ಕೊಡುವ ಕಡೆ ಬೇರೆ ದರ ಇರಬಹುದು, ಮುಂಗಡ ಕೇಳಬಹುದು. ಕೊಡಿ. ನಿಮ್ಮ ಮಟ್ಟಿಗೆ ಅದೇ ಮುಖ್ಯ ಖರ್ಚು, ಮಿಕ್ಕಿದ್ದರಲ್ಲಿ ಉಳಿಸೋಣ. ಈಮೇಲಿನಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ನೀವು ಇಬ್ಬರೇ ಹೋಗುತ್ತಿರುವುದು ಲಾಭ, ಗಾಜಿನ ಪಕ್ಕ ಇಬ್ಬರ ಟೇಬಲ್‌ಗಳೇ ಜಾಸ್ತಿ ಇರುತ್ತವೆ. ಆರೇಳು ಜನ ಒಟ್ಟಿಗೆ ಹೋದರೆ ಸಾಮಾನ್ಯವಾಗಿ ಎರಡನೇ ಸಾಲು.

ಕೂರುವಾಗ ಒಬ್ಬರು ಕಿಟಕಿಗೆ ಬೆನ್ನು ಹಾಕುವಂತಿದ್ದರೆ ಟೇಬಲ್ ಸ್ವಲ್ಪ ತಿರುಗಿಸಿಕೊಡಿ ಅನ್ನಿ, ಇಲ್ಲವೇ ಪಕ್ಕಪಕ್ಕ ಕೂತುಕೊಳ್ಳಿ. ಸಂಕೋಚ ಬೇಡ. ಪಡುವಣ ದಿಕ್ಕಿನ ಟೇಬಲ್ ಸಿಕ್ಕರೆ ಮೊದಲ ಅರ್ಧ ಗಂಟೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ತಂಪು ಕನ್ನಡಕ ಇರಲಿ. ಮೂಡಣದ್ದು ಸಿಕ್ಕಿತು ಅಂತ ಮುಖ ಸಣ್ಣದು ಮಾಡಬೇಡಿ. ಸೂರ್ಯ ಮುಳುಗಿದ ಮೇಲೆ ಆ ಕಡೆ ದಿಗಂತದಲ್ಲಿ ಕಡುನೀಲಿ ಪಟ್ಟಿಯೊಂದು ಮೆಲ್ಲಗೆ ಏಳುತ್ತದೆ, ಅದರ ಮೇಲೆ ಗುಲಾಬಿ ಬಣ್ಣ. ಆ ನೀಲಿ ಪಟ್ಟಿ ಆಕಾಶದ ಮೇಲೆ ಬಿದ್ದ ಭೂಮಿಯದೇ ನೆರಳು. ಎಲ್ಲರೂ ಆಚೆ ಕಡೆ ತಿರುಗಿ ಫೋಟೋ ತೆಗೆಯುತ್ತಿರುವುದರಿಂದ ಅದನ್ನು ನೋಡುವವರು ಕಡಿಮೆ.

ನೀವು ಹೇಳಿದ ಗೋಪುರದ್ದು ತಿರುಗುವ ರೆಸ್ಟೋರೆಂಟಾ ಅಂತ ವಿಚಾರಿಸಿ. ಆಗಿದ್ದರೆ ದಿಕ್ಕಿನ ತಲೆನೋವಿಲ್ಲ, ಆದರೆ ಬೇರೆ ಕೆಲವು ವಿಷಯ ಗೊತ್ತಿರಬೇಕು. ಹೆಚ್ಚಿನ ಕಡೆ ತಿರುಗುವುದು ಟೇಬಲ್‌ಗಳಿರುವ ನೆಲದ ಬಳೆ ಮಾತ್ರ. ನಡುವಿನ ಅಡುಗೆಮನೆ, ಲಿಫ್ಟು ಮತ್ತು ಹೊರಗಿನ ಗಾಜು ಕದಲುವುದಿಲ್ಲ. ಅಮೆರಿಕದ ಸಿಯಾಟಲ್‌ನ ಸ್ಪೇಸ್ ನೀಡಲ್ ಗೋಪುರ 1962ರಲ್ಲಿ ಶುರುವಾದಾಗ ಅಲ್ಲಿನ ಇಡೀ ಬಳೆಯನ್ನು ತಿರುಗಿಸುತ್ತಿದ್ದದ್ದು ಒಂದೇ ಒಂದು ಹಾರ್ಸ್‌ಪವರ್ ಮೋಟರ್. ಅಷ್ಟು ನಿಧಾನ, ಅಷ್ಟು ನುಣುಪು. ತಿರುಗುತ್ತಿರುವುದು ಮೈಗೆ ತಿಳಿಯುವುದೇ ಇಲ್ಲ. ಅದಕ್ಕೇ ಜನ ಕೈಚೀಲವನ್ನು ಕಿಟಕಿಯ ಕಟ್ಟೆ ಮೇಲೆ ಇಡುತ್ತಾರೆ. ಕಟ್ಟೆ ನಿಂತಲ್ಲೇ ನಿಂತಿರುತ್ತದೆ, ನಿಮ್ಮ ಕುರ್ಚಿ ಮುಂದೆ ಹೋಗುತ್ತದೆ. ಕಾಲು ಗಂಟೆ ಬಿಟ್ಟು ನೋಡಿದರೆ ಚೀಲ ಯಾರದೋ ಟೇಬಲ್ ಪಕ್ಕದಲ್ಲಿರುತ್ತದೆ. ಟಾಯ್ಲೆಟ್‌ಗೆ ಹೋಗಿ ಬಂದರೂ ಇದೇ ಕತೆ. ಕೆನಡಾದ ಟೊರಾಂಟೊದ ಸಿಎನ್ ಟವರ್‌ನಲ್ಲಿ 351 ಮೀಟರ್ ಎತ್ತರದ ರೆಸ್ಟೋರೆಂಟ್ ಒಂದು ಸುತ್ತು ಬರುವುದಕ್ಕೆ 72 ನಿಮಿಷ. ಹತ್ತು ನಿಮಿಷ ಎದ್ದು ಹೋದರೆ ಟೇಬಲ್ ಸುತ್ತಿನ ಏಳನೇ ಒಂದು ಭಾಗದಷ್ಟು ಸರಿದಿರುತ್ತದೆ. ಟೇಬಲ್ ನಂಬರ್ ನೆನಪಿಟ್ಟುಕೊಳ್ಳಿ. ಸೂರ್ಯ ಮುಳುಗುವ ಗಳಿಗೆಗೆ ನೀವು ಎದುರು ದಿಕ್ಕಿನಲ್ಲಿರುವ ಸಾಧ್ಯತೆಯೂ ಇದೆ. ಕಡೇ ಪಕ್ಷ ಒಂದೂವರೆ ಸುತ್ತಿನಷ್ಟು ಹೊತ್ತು ಕೂರುವಂತೆ ನೋಡಿಕೊಳ್ಳಿ.

ಕತ್ತಲಾದ ಮೇಲೆ ಒಂದು ತೊಂದರೆ ಎಲ್ಲ ಕಡೆಯೂ ಇದ್ದದ್ದೇ. ಹೊರಗಿಗಿಂತ ಒಳಗೆ ಬೆಳಕು ಜಾಸ್ತಿಯಾದರೆ ಗಾಜು ಕನ್ನಡಿಯಾಗುತ್ತದೆ. ಊರಿನ ಬದಲು ನಿಮ್ಮ ಮುಖವೇ ಕಾಣುತ್ತದೆ. ಒಳ್ಳೇ ಜಾಗದಲ್ಲಿ ದೀಪವನ್ನು ತೀರಾ ಮಂದ ಮಾಡುತ್ತಾರೆ, ಅದು ಜಿಪುಣತನವಲ್ಲ. ಟೇಬಲ್ ಮೇಲೆ ಮೇಣದ ಬತ್ತಿ ಇದ್ದರೆ ಆರಿಸಿ ಅನ್ನಿ. ಗಾಢ ಬಣ್ಣದ ಬಟ್ಟೆ ಹಾಕಿಕೊಂಡು ಹೋದರೆ ನಿಮ್ಮ ಪ್ರತಿಬಿಂಬ ಕಡಿಮೆ ಬೀಳುತ್ತದೆ. ಫೋಟೋಗೆ ಫ್ಲ್ಯಾಷ್ ಬೇಡ, ಫೋನನ್ನು ಗಾಜಿಗೆ ಪೂರ್ತಿ ಒತ್ತಿ ಹಿಡಿಯಿರಿ.

ಊಟಕ್ಕೆ ಏನು ಹೇಳಬೇಕು? ಇಕ್ಕಟ್ಟಿನ ಅಡುಗೆಮನೆ, ಒಂದೇ ಸಲ ಬೀಳುವ ಆರ್ಡರ್, ಇವೆರಡನ್ನೂ ತಡೆದುಕೊಳ್ಳುವ ಅಡುಗೆ ಹೇಳಿ. ಮುಂಚೆಯೇ ನಿಧಾನವಾಗಿ ಬೆಂದಿರುವುದು, ತಣ್ಣಗೇ ತಿನ್ನುವಂಥದ್ದು, ಓವನ್ನಿನಲ್ಲಿ ಆದದ್ದು ಪರವಾಗಿಲ್ಲ. ಕರಿದದ್ದು ಅಡುಗೆಮನೆಯಿಂದ ಟೇಬಲ್‌ಗೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಒಂದು ನಿಮಿಷ ಹೆಚ್ಚುಕಮ್ಮಿಯಾದರೆ ಹದ ತಪ್ಪುವ ಮೀನಿನಂಥದ್ದನ್ನು ನಿಮ್ಮನೆಯವರಿಗೂ ಬೇಡ ಅನ್ನಿ. ತೆರೆದ ಟೆರೇಸ್ ಆದರೆ ಗಾಳಿಗೆ ಎಲ್ಲವೂ ಐದು ನಿಮಿಷಕ್ಕೆ ಆರುತ್ತದೆ, ಅಲ್ಲಿ ತಣ್ಣನೆಯ ತಿನಿಸೇ ಸರಿ. ಸಸ್ಯಾಹಾರದ ವಿಷಯ ಬುಕಿಂಗ್ ದಿನವೇ ಹೇಳಿ. ಇಂಥ ಕಡೆ ಎಷ್ಟೋ ಸಲ ಸೆಟ್ ಮೆನು, ಅಂದರೆ ಎಲ್ಲರಿಗೂ ಮೊದಲೇ ಗೊತ್ತುಮಾಡಿದ ಊಟ ಇರುತ್ತದೆ, ಬದಲಾವಣೆಗೆ ಮುಂಚೆ ತಿಳಿದಿರಬೇಕು. ಕೂತ ಮೇಲೆ ಹೇಳಿದರೆ ಮಾಂಸ ತೆಗೆದು ಪಕ್ಕದ ತರಕಾರಿಯನ್ನಷ್ಟೇ ಇಟ್ಟುಕೊಡುತ್ತಾರೆ, ಬಿಲ್ ಅಷ್ಟೇ. "ಸಸ್ಯಾಹಾರಿ" ಅಂದರೆ ಸಾಲದು, ಮೊಟ್ಟೆ ಆಗುತ್ತದಾ, ಮೀನಿನ ಸಾರದ ಸೂಪ್ ಆಗುತ್ತದಾ ಅನ್ನುವುದನ್ನೂ ಬಿಡಿಸಿ ಬರೆಯಿರಿ.

ಬಿಲ್ಲಿನಲ್ಲಿ ಕಣ್ಣಿಡಬೇಕಾದ ಜಾಗಗಳು ಕೆಲವೇ. ಕೇಳದೇ ಟೇಬಲ್‌ಗೆ ಬಂದ ನೀರಿನ ಬಾಟಲಿ, ಬ್ರೆಡ್ಡು ಬಿಟ್ಟಿಯಲ್ಲದೇ ಇರಬಹುದು. ವೇಟರ್ ಬಾಯಲ್ಲಿ ಹೇಳುವ 'ಇವತ್ತಿನ ಸ್ಪೆಷಲ್'ಗೆ ಬೆಲೆ ಕೇಳಿ. ತೂಕದ ಮೇಲೆ ಮಾರುವುದಾದರೆ ಒಟ್ಟು ಎಷ್ಟಾಗುತ್ತದೆ ಅಂತ ಮೊದಲೇ ಕೇಳಿ. ತಲಾ ಇಷ್ಟು ಖರ್ಚು ಮಾಡಲೇಬೇಕು ಅನ್ನುವ ನಿಯಮ ಇದೆಯಾ, ಸರ್ವಿಸ್ ಚಾರ್ಜ್ ಸೇರಿದೆಯಾ ನೋಡಿ. ಸೇರಿದ್ದರೆ ಮೇಲೆ ಟಿಪ್ಸ್ ಬೇಕಿಲ್ಲ. ಕಾರ್ಡ್ ಮೆಷಿನ್ "ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ" ಅಂತ ಕೇಳಿದರೆ ಬೇಡ ಅನ್ನಿ, ಆ ಊರಿನ ಹಣದಲ್ಲೇ ಕಟ್ಟಿ. ಅವರು ಹಾಕುವ ವಿನಿಮಯ ದರ ಸಾಮಾನ್ಯವಾಗಿ ನಿಮಗೆ ನಷ್ಟದ್ದೇ.

ಇನ್ನು ನಿಮ್ಮನೆಯವರಿಗೆ ಹೇಳುವ ಮಾತು. ಕೆಲವು ಗೋಪುರಗಳಲ್ಲಿ ಊಟದ ಬಿಲ್ಲಿನಲ್ಲೇ ಮೇಲೆ ಹೋಗುವ ಟಿಕೆಟ್ಟೂ ಸೇರಿರುತ್ತದೆ. ನಿಮ್ಮದರಲ್ಲೂ ಹಾಗಿದೆಯಾ ಕೇಳಿ. ಇದ್ದರೆ ಇಬ್ಬರ ಟಿಕೆಟ್ ದುಡ್ಡು ಕಳೆದು ಲೆಕ್ಕ ಹಾಕಲಿ, ವ್ಯತ್ಯಾಸ ಅಂದುಕೊಂಡಷ್ಟು ಇರುವುದಿಲ್ಲ. ಅದೂ ಜಾಸ್ತಿಯಾಯಿತು ಅನ್ನಿಸಿದರೆ ಮಧ್ಯಾಹ್ನದ ಊಟಕ್ಕೆ ಹೋಗಿ. ಅದೇ ಅಡುಗೆಮನೆ, ಅದೇ ಕಿಟಕಿ, ದರ ಎಷ್ಟೋ ಕಡೆ ಕಡಿಮೆ. ಕಿಟಕಿ ಟೇಬಲ್ಲೂ ಸುಲಭವಾಗಿ ಸಿಗುತ್ತದೆ, ರಾತ್ರಿಯ ದೀಪ ಮಾತ್ರ ಇರುವುದಿಲ್ಲ. ರಾತ್ರಿಯೇ ಬೇಕು ಅಂದರೆ ಪಕ್ಕದಲ್ಲಿ ಬಾರ್ ಅಥವಾ ಲೌಂಜ್ ಇದೆಯಾ ನೋಡಿ. ಸಂಜೆ ಹೊತ್ತಿಗೆ ಹೋಗಿ ಒಂದೊಂದು ಜ್ಯೂಸ್ ಇಟ್ಟುಕೊಂಡು ಕೂತು, ಕತ್ತಲಾದ ಮೇಲೆ ಕೆಳಗಿಳಿದು ಹೊಟ್ಟೆ ತುಂಬ ಉಣ್ಣಬಹುದು. ಸಾಮಾನ್ಯ ದಿನದಲ್ಲಿ ನಾನು ಮಾಡುವುದು ಇದನ್ನೇ. ಆದರೆ 25 ವರ್ಷದ ದಿನಕ್ಕೆ ನಾನಾದರೆ ಟೇಬಲ್ಲೇ ಬುಕ್ ಮಾಡುತ್ತೇನೆ.

ಹವಾಮಾನ ಯಾರ ಕೈಯಲ್ಲೂ ಇಲ್ಲ. ಬುಕಿಂಗ್ ರದ್ದು ಮಾಡುವ ಗಡುವು ಎಷ್ಟು ಗಂಟೆ ಮುಂಚೆ ಅಂತ ಓದಿಕೊಂಡು, ಆ ಗಡುವಿಗೆ ಮುಂಚೆ ಮುನ್ಸೂಚನೆ ನೋಡಿ. ಸಾಧ್ಯವಾದರೆ ಪ್ರವಾಸದ ಕೊನೆಯ ರಾತ್ರಿಗೆ ಇಟ್ಟುಕೊಳ್ಳಬೇಡಿ. ಮೊದಲ ದಿನಗಳಲ್ಲಿದ್ದರೆ ಮಂಜು ಮುಸುಕಿದರೂ ಇನ್ನೊಂದು ದಿನಕ್ಕೆ ಬದಲಿಸಿಕೊಡಿ ಅಂತ ಕೇಳುವುದಕ್ಕೆ ಜಾಗ ಇರುತ್ತದೆ. ಲಿಫ್ಟಿನ ಸಾಲು, ಬ್ಯಾಗ್ ತಪಾಸಣೆ ಅಂತ ಅರ್ಧ ಗಂಟೆ ಹೋಗುತ್ತದೆ. ರೆಸ್ಟೋರೆಂಟಿಗೆ ಬೇರೆ ಬಾಗಿಲು ಇದೆಯಾ ಕೇಳಿ. ಲೆ ಜೂಲ್ ವರ್ನ್‌ಗೆ ಗೋಪುರದ ದಕ್ಷಿಣ ಕಾಲಿನಲ್ಲಿ ಬೇರೆಯೇ ಲಿಫ್ಟ್ ಇದೆ, ಅದು ಗೊತ್ತಿಲ್ಲದವರು ಟಿಕೆಟ್ ಸಾಲಿನಲ್ಲಿ ನಿಂತುಬಿಡುತ್ತಾರೆ. ಉಡುಪಿನ ನಿಯಮ ವೆಬ್‌ಸೈಟಿನಲ್ಲಿರುತ್ತದೆ. ಸಾಮಾನ್ಯವಾಗಿ ಚಡ್ಡಿ, ಸ್ಲಿಪ್ಪರ್ ಬಿಟ್ಟರೆ ತಕರಾರಿಲ್ಲ.

ಆನಿವರ್ಸರಿ ಅಂತ ಹೇಳಬೇಕಾ ಅಂದಿರಿ. ಹೇಳಿ, ಆದರೆ ಬುಕ್ ಮಾಡುವಾಗಲೇ ಹೇಳಿ. ಯಾರಿಗೆ ಯಾವ ಟೇಬಲ್ ಅನ್ನುವ ಪಟ್ಟಿಯನ್ನು ಬಾಗಿಲು ತೆರೆಯುವ ಮುಂಚೆಯೇ ಬರೆದು ಮುಗಿಸಿರುತ್ತಾರೆ. ಆ ಹೊತ್ತಿಗೆ ನಿಮ್ಮ ಹೆಸರಿನ ಮುಂದೆ '25ನೇ ವರ್ಷ' ಅಂತ ಇದ್ದರೆ ಕಿಟಕಿ ಮೂಲೆಯ ಒಳ್ಳೇ ಟೇಬಲ್ ನಿಮ್ಮ ಕಡೆ ವಾಲುತ್ತದೆ. ಬಾಗಿಲಲ್ಲಿ ನಿಂತು ಹೇಳಿದರೆ ತಟ್ಟೆ ಮೇಲೆ ಚಾಕೊಲೇಟಿನಲ್ಲಿ ಹೆಸರು ಬರೆದುಕೊಡಬಹುದು, ಅಷ್ಟೇ. ಮಕ್ಕಳು ಕೇಕ್ ಕಳಿಸುತ್ತೇವೆ ಅಂದರೆ ಹೊರಗಿನ ಕೇಕಿಗೆ ಅನುಮತಿ ಇದೆಯಾ, ಕತ್ತರಿಸಿ ಕೊಡುವುದಕ್ಕೆ ತಲಾ ಇಷ್ಟು ಅಂತ ಹಾಕುತ್ತಾರಾ ಅನ್ನುವುದನ್ನು ಅವರೇ ಫೋನ್ ಮಾಡಿ ಕೇಳಲಿ.